ನನ್ನ ದನಿ ಹೋದಾಗ ಪುರಾಣ ಓದಿದವಳು

ನನ್ನ ಗಂಟಲಿನಲ್ಲಿ ಏನೋ ಕೆಟ್ಟಿದೆ ಎಂಬುದು ನನಗಿಂತ ಮೊದಲು ತಿಳಿದದ್ದು ನನ್ನ ಹೆಂಡತಿ ಶಾಂತಾಳಿಗೆ. ಸೌತ್‌ಹಾಲಿನ ಬ್ರಾಡ್‌ವೇಯಿಂದ ಒಳಗೆ ತಿರುಗಿದರೆ ಸಿಗುವ ಒಂದು ಸಮುದಾಯ ಭವನದ ಮಹಡಿ ಕೋಣೆಯಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ನಾನು ಪುರಾಣ ಹೇಳುತ್ತಿದ್ದೆ. ಧಾರವಾಡ, ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಪಶ್ಚಿಮ ಲಂಡನ್ನಿನಲ್ಲಿ ನೆಲೆನಿಂತ ಇಪ್ಪತ್ತು ಇಪ್ಪತ್ತೈದು ಜನ ಸೇರುತ್ತಿದ್ದರು. ಪದ್ಯವನ್ನು ರಾಗವಾಗಿ ಓದಿ, ಆಮೇಲೆ ಅರ್ಥ ಹೇಳುವುದು ನನ್ನ ಪದ್ಧತಿ. ಹದಿನೆಂಟು ವರ್ಷ ಹೀಗೆ ನಡೆದಿತ್ತು. ಶಾಂತಾ ಯಾವಾಗಲೂ ಹಿಂದಿನ ಸಾಲಿನಲ್ಲಿ, ಬಾಗಿಲ ಹತ್ತಿರ ಕೂರುತ್ತಿದ್ದಳು; ಮುಗಿದ ಮೇಲೆ ಚಹಾ ಕೊಡುವುದು ಅವಳ ಕೆಲಸ.

ವಾರದ ಐದು ದಿನ ನಾನು ಕೌನ್ಸಿಲ್ಲಿನಲ್ಲಿ ಕಟ್ಟಡ ತಪಾಸಣೆ ಮಾಡುವವನು. ಹಿತ್ತಿಲ ಕಡೆ ಒಂದು ಕೋಣೆ ಹೆಚ್ಚಿಗೆ ಕಟ್ಟಿಕೊಂಡವರ ಮನೆಗೆ ಹೋಗಿ, ಗೋಡೆ ಸರಿಯಿಲ್ಲ, ತೊಲೆ ಸಾಲದು ಎಂದು ಹೇಳಿ ಬರುವವನನ್ನು ಯಾರು ತಾನೇ ಇಷ್ಟಪಡುತ್ತಾರೆ? ಶನಿವಾರ ಮಾತ್ರ ನಾನು ಮೆಟ್ಟಿಲು ಹತ್ತಿ ಬರುವುದನ್ನು ಕಂಡು ಜನ ಎದ್ದು ನಿಲ್ಲುತ್ತಿದ್ದರು. "ಅನಂತರಾಯರ ದನಿ ಕೇಳಿದರ ಊರಿಗೆ ಹೋಗಿ ಬಂದಂಗ ಆಗ್ತದ" ಅನ್ನುತ್ತಿದ್ದರು. ಆ ಮಾತನ್ನು ನಾನು ವಾರಪೂರ್ತಿ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಿದ್ದೆ.

ಅಕ್ಟೋಬರಿನ ಒಂದು ಶನಿವಾರ ಮೇಲಿನ ಸ್ವರಕ್ಕೆ ಹೋಗುವಾಗ ದನಿ ಒಡೆಯಿತು. ಕೆಮ್ಮಿ ಸರಿಮಾಡಿಕೊಂಡೆ. ಬಸ್ಸಿನಲ್ಲಿ ಮನೆಗೆ ಬರುವಾಗ ಶಾಂತಾ, ಇದು ಮೂರನೇ ವಾರ, ಜಿಪಿ ಡಾಕ್ಟರ ಹತ್ತಿರ ತೋರಿಸಿರಿ ಎಂದಳು. ಥಂಡಿ ಎಂದೆ. ಅವಳು ಸೋಮವಾರ ಬೆಳಿಗ್ಗೆ ತಾನೇ ಎಂಟು ಗಂಟೆಗೆ ಫೋನ್ ಹಿಡಿದು ಸಾಲಿನಲ್ಲಿ ಕಾದು, ಅಪಾಯಿಂಟ್‌ಮೆಂಟ್ ತೆಗೆದುಕೊಂಡಳು. ಜಿಪಿ ಚಿಕ್ಕ ವಯಸ್ಸಿನ ಹುಡುಗಿ. ಎಷ್ಟು ದಿನದಿಂದ ಎಂದಷ್ಟೇ ಕೇಳಿ, ಕಂಪ್ಯೂಟರಿನ ಕಡೆ ತಿರುಗಿ ಬಹಳ ಹೊತ್ತು ಟೈಪು ಮಾಡಿದಳು. ಅವಳು ನನ್ನ ಮುಖ ನೋಡದೇ ಇದ್ದಾಗಲೇ ನನಗೆ ಹೆದರಿಕೆಯಾಯಿತು.

ಆಸ್ಪತ್ರೆಯಲ್ಲಿ ಮೂಗಿನಿಂದ ತೆಳ್ಳಗಿನ ಕ್ಯಾಮೆರಾ ಇಳಿಸಿ ನೋಡಿದರು. ಆಮೇಲೆ ಮಲಗಿಸಿ, ಎಚ್ಚರ ತಪ್ಪಿಸಿ, ಒಂದು ಚೂರು ತೆಗೆದರು. ಫಲಿತಾಂಶ ಹೇಳುವ ದಿನ ಬಾಗಿಲು ತೆರೆದಾಗ ಡಾಕ್ಟರ ಪಕ್ಕದಲ್ಲಿ ಒಬ್ಬ ನರ್ಸ್ ಕೂತಿದ್ದರು, ಮೇಜಿನ ಮೇಲೆ ಟಿಶ್ಯೂ ಡಬ್ಬಿಯನ್ನು ನಮ್ಮ ಕಡೆ ಸರಿಸಿ ಇಟ್ಟಿದ್ದರು. ಕೂರುವ ಮೊದಲೇ ನನಗೆ ತಿಳಿಯಿತು. ಧ್ವನಿಪೆಟ್ಟಿಗೆಯ ಕ್ಯಾನ್ಸರ್. ಬೇಗ ಸಿಕ್ಕಿದೆ, ರೇಡಿಯೋಥೆರಪಿ ಸಾಕಾಗಬಹುದು, ದನಿ ಎಷ್ಟು ಉಳಿಯುತ್ತದೆ ಎಂದು ಈಗಲೇ ಹೇಳಲಾರೆ ಎಂದರು ಡಾಕ್ಟರು. ಸಿಗರೇಟು ಸೇದುತ್ತೀರಾ, ಕುಡಿಯುತ್ತೀರಾ ಎಂದು ಮತ್ತೆ ಕೇಳಿದರು. ಎರಡೂ ಇಲ್ಲ. ಹಾಗಾದರೆ ಯಾಕೆ ಬಂತು ಎಂದು ನಾನು ಕೇಳಿದೆ. ಕೆಲವೊಮ್ಮೆ ಕಾರಣ ಸಿಗುವುದಿಲ್ಲ ಎಂದು ಅವರು ಬಹಳ ಸರಳವಾಗಿ ಹೇಳಿದರು. ಶಾಂತಾ ಒಂದೇ ಪ್ರಶ್ನೆ ಕೇಳಿದಳು: ಇವರು ಊಟ ಮಾಡಬಹುದೇ, ಏನೇನು ಮಾಡಿ ಕೊಡಲಿ?

ಮಗಳು ಮೇಘನಾ ಯೂನಿವರ್ಸಿಟಿಯಿಂದ ಆ ವಾರವೇ ಬಂದಳು. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಸೋಫಾದಲ್ಲಿ ನನಗೆ ಒತ್ತಿ ಕೂತು, "ಅಪ್ಪಾ, ಯು ಆರ್ ಅಲೌಡ್ ಟು ಬಿ ಸ್ಕೇರ್ಡ್" ಎಂದಳು. ನನಗೇನೂ ಹೆದರಿಕೆ ಇಲ್ಲ, ದೇವರಿದ್ದಾನೆ ಎಂದೆ. ಹಾಗೆ ಹೇಳಿದ ಮೇಲೆ ಅದು ನಾನು ಶನಿವಾರ ಹೇಳುವ ಮಾತಿನ ಹಾಗೆ ನನಗೇ ಕೇಳಿಸಿತು. ಧಾರವಾಡದಿಂದ ಅತ್ತಿಗೆ ಫೋನ್ ಮಾಡಿ, ಯಾವ ಸೇವೆ ತಪ್ಪಿತ್ತೋ ನೆನಪು ಮಾಡಿಕೊಳ್ಳಿರಿ ಎಂದರು. ನಾನು ನಿಜವಾಗಿಯೂ ಕೂತು ನೆನಪು ಮಾಡಿಕೊಂಡೆ. ಎರಡು ದಿನ ಅದೇ ಕೆಲಸ ಮಾಡಿದೆ.

ಪುರಾಣದಲ್ಲಿ ಮೊಸಳೆಗೆ ಸಿಕ್ಕ ಆನೆಯ ಕಥೆ ಬರುತ್ತದಲ್ಲ, ಅದು ನನ್ನ ಮೆಚ್ಚಿನ ಭಾಗವಾಗಿತ್ತು. ಮಡುವಿಗೆ ನೀರು ಕುಡಿಯಲು ಇಳಿದ ಆನೆಯ ಕಾಲನ್ನು ಮೊಸಳೆ ಹಿಡಿಯುತ್ತದೆ. ಸಾವಿರ ವರ್ಷ ಎಳೆದಾಟ. ಕೊನೆಗೆ ಸೋತ ಆನೆ ಸೊಂಡಿಲೆತ್ತಿ ಕೂಗುತ್ತದೆ, ದೇವರು ಓಡಿ ಬರುತ್ತಾನೆ. ಆ ಕೂಗನ್ನು ನಾನು ಓದುತ್ತಿದ್ದ ರೀತಿಗೆ ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ಕೆಲವು ವರ್ಷದ ಹಿಂದೆ ಗಂಗಾಬಾಯಿ ಎಂಬ ಹಿರಿಯರು, ಮಗಳನ್ನು ಕಳೆದುಕೊಂಡ ಹೊಸದರಲ್ಲಿ, ದೇವರು ಅಷ್ಟು ವರ್ಷ ಯಾಕೆ ತಡಮಾಡಿದ ಎಂದು ಕೇಳಿದ್ದರು. ಆನೆಯ ಅಹಂಕಾರ ಪೂರ್ತಿ ಹೋಗಿರಲಿಲ್ಲ, ಅದಕ್ಕೆ ಎಂದು ನಾನು ಉತ್ತರ ಕೊಟ್ಟಿದ್ದೆ. ಅವರು ತಲೆಯಾಡಿಸಿದ್ದರು. ಒಳ್ಳೆಯ ಉತ್ತರ ಕೊಟ್ಟೆ ಎಂದು ನಾನು ಸಮಾಧಾನದಿಂದ ಮನೆಗೆ ಬಂದಿದ್ದೆ.

ಈಗ ಡಾಕ್ಟರು ಮಾತಾಡುವುದನ್ನೇ ಕಡಿಮೆ ಮಾಡಿ ಎಂದಿದ್ದರು. ದೇವರ ಮುಂದೆ ಕೂತರೆ ಮನಸ್ಸು ಒಂದೇ ಕಡೆ ಹೋಗುತ್ತಿತ್ತು: ಕೂಗಲಿಕ್ಕೆ ದನಿಯೇ ಇಲ್ಲದ ಆನೆ ಏನು ಮಾಡಬೇಕು? ಪುಸ್ತಕ ತೆರೆದರೆ ನನ್ನದೇ ವ್ಯಾಖ್ಯಾನಗಳು ಕಿವಿಯಲ್ಲಿ ಕೇಳುತ್ತಿದ್ದವು, ಒಂದೂ ನನಗೆ ಹತ್ತಲಿಲ್ಲ. ದೇವರು ಇಲ್ಲ ಎಂದು ತೀರ್ಮಾನ ಮಾಡುವ ಧೈರ್ಯವೂ ಬರಲಿಲ್ಲ. ಇದ್ದಾನೆ ಅನ್ನುವುದಕ್ಕೂ ಆಗದೆ, ಇಲ್ಲ ಅನ್ನುವುದಕ್ಕೂ ಆಗದೆ ಬೆಳಗಿನ ದೀಪ ಹಚ್ಚುತ್ತಿದ್ದೆ.

ನಂಬಿಕೆಗಿಂತ ಜೋರಾಗಿ ಆ ದಿನಗಳಲ್ಲಿ ನನ್ನೊಳಗೆ ಇದ್ದದ್ದು ಹೊಟ್ಟೆಕಿಚ್ಚು. ಇದನ್ನು ಮುಚ್ಚಿಟ್ಟು ಬರೆದರೆ ಈ ಬರಹಕ್ಕೆ ಅರ್ಥವಿಲ್ಲ. ಚಿಕಿತ್ಸೆಗೆಂದು ದಿನಾ ಟ್ಯೂಬ್ ರೈಲಿನಲ್ಲಿ ಆಸ್ಪತ್ರೆಗೆ ಹೋಗುವಾಗ ದನಿ ಇದ್ದವರೆಲ್ಲರ ಮೇಲೂ ಹೊಟ್ಟೆ ಉರಿಯುತ್ತಿತ್ತು. ಫೋನಿನಲ್ಲಿ ಜಗಳವಾಡುವ ಹೆಂಗಸು, ಬಾಗಿಲ ಹತ್ತಿರ ನಿಂತು ಕೇಕೆ ಹಾಕಿ ನಗುವ ಶಾಲೆಯ ಹುಡುಗಿಯರು, ಮುಂದಿನ ನಿಲ್ದಾಣ ಹೇಳುವ ಯಂತ್ರದ ದನಿ ಕೂಡ. ಇಷ್ಟು ಚಿಲ್ಲರೆ ಮಾತಿಗೆ ಇವರಿಗೆಲ್ಲ ಇಷ್ಟು ಒಳ್ಳೆಯ ಗಂಟಲು ಯಾಕೆ ಬೇಕು ಎಂದು ಲೆಕ್ಕ ಹಾಕುತ್ತಿದ್ದೆ.

ರೇಡಿಯೋಥೆರಪಿಗೆ ಮುಖ ಮತ್ತು ಹೆಗಲಿಗೆ ಅಂಟಿದ ಹಾಗೆ ಒಂದು ಬಲೆಯಂಥ ಪ್ಲಾಸ್ಟಿಕ್ ಮುಖವಾಡ ಮಾಡುತ್ತಾರೆ. ಮಲಗಿಸಿ, ಅದನ್ನು ಮುಖದ ಮೇಲಿಟ್ಟು, ಮೇಜಿಗೆ ಸಿಕ್ಕಿಸಿ ಬಿಗಿಯುತ್ತಾರೆ. ಅಲ್ಲಾಡುವ ಹಾಗಿಲ್ಲ, ಮಾತಾಡುವ ಹಾಗಿಲ್ಲ. ಎಲ್ಲರೂ ಕೋಣೆಯಿಂದ ಹೊರಗೆ ಹೋಗುತ್ತಾರೆ. ಕೆಲವೇ ನಿಮಿಷ. ಸೋಮವಾರದಿಂದ ಶುಕ್ರವಾರದವರೆಗೆ, ಆರು ವಾರಕ್ಕೂ ಹೆಚ್ಚು ಕಾಲ. ಹದಿನೆಂಟು ವರ್ಷದಲ್ಲಿ ಬಾಯಿಪಾಠವಾಗಿದ್ದ ಪದ್ಯಗಳಲ್ಲಿ ಒಂದೂ ಆ ಮುಖವಾಡದ ಒಳಗೆ ನನ್ನ ಜೊತೆ ಬರಲಿಲ್ಲ. ಮೊದಲ ಸಾಲು ಬರುತ್ತಿತ್ತು, ಎರಡನೆಯದು ಇಲ್ಲ.

ನನಗಿಂತ ಮೊದಲು ಅದೇ ಯಂತ್ರಕ್ಕೆ ಹೋಗುತ್ತಿದ್ದವರು ಡೆಸ್ಮಂಡ್ ಎಂಬ ಎಪ್ಪತ್ತು ದಾಟಿದ ಮನುಷ್ಯ. ಜಮೈಕಾದಿಂದ ಚಿಕ್ಕಂದಿನಲ್ಲಿ ಬಂದು, ಮೂವತ್ತು ವರ್ಷ ಲಂಡನ್ನಿನ ಬಸ್ಸು ಓಡಿಸಿದವರು. ಅವರ ಕೋಟಿನ ಜೇಬಿನಲ್ಲಿ ಅವರ ಧರ್ಮದ ಚಿಕ್ಕ ಪುಸ್ತಕವೊಂದು ಇರುತ್ತಿತ್ತು. ಕಾಯುವಾಗ ಅದನ್ನು ತೆರೆದು, ತುಟಿ ಅಲ್ಲಾಡಿಸುತ್ತ ಓದುತ್ತಿದ್ದರು. ಕರೆ ಬಂದಾಗ ಮುಚ್ಚಿ, ಮುಗುಳ್ನಕ್ಕು, ಒಳಗೆ ಹೋಗುತ್ತಿದ್ದರು. ಆ ಮುಗುಳ್ನಗೆಯನ್ನು ಕಂಡರೆ ನನಗೆ ತಡೆಯುತ್ತಿರಲಿಲ್ಲ. ಈ ಮನುಷ್ಯನಿಗೆ ಸಿಕ್ಕಿದ್ದು ನನಗೆ ಯಾಕೆ ಸಿಗಲಿಲ್ಲ, ನಾನು ಇವರಿಗಿಂತ ಕಡಿಮೆ ಓದಿದ್ದೇನೆಯೇ?

ಚಿಕಿತ್ಸೆಯ ಎರಡನೇ ವಾರದ ಕೊನೆಗೆ ಶನಿವಾರದ ಗುಂಪಿನವರು, ಅನಂತರಾಯರು ಗುಣವಾಗುವ ತನಕ ಪುರಾಣ ನಿಲ್ಲಿಸೋಣ ಎಂದರು. ನನಗೆ ಒಳಗೊಳಗೇ ಸಂತೋಷವಾಯಿತು. ಆದರೆ ಗಂಗಾಬಾಯಿ, ನಿಲ್ಲಿಸುವುದು ಬೇಡ, ಶಾಂತಾ ಓದಲಿ ಎಂದರಂತೆ. ಶಾಂತಾ ವಿಜಯಪುರದಲ್ಲಿ ಪಿಯುಸಿ ಓದಿದವಳು. ಇಲ್ಲಿ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾಳೆ. ರಾಗವಿಲ್ಲ, ವ್ಯಾಕರಣವಿಲ್ಲ. ಒತ್ತಕ್ಷರ ಬಂದಲ್ಲಿ ಎಡವುತ್ತಾಳೆ. ಅವಳು ಬೇಡವೆನ್ನುತ್ತಾಳೆ ಎಂದೇ ನಾನು ಅಂದುಕೊಂಡಿದ್ದೆ. ಆದರೆ ಅವಳು, "ಓದತೀನಿ. ತಪ್ಪಾದರ ತಪ್ಪಾತು" ಎಂದಳು.

ಮೊದಲ ಶನಿವಾರ ಅವಳು ಹೊರಟಾಗ ನಾನು ಕಾಗದದ ಮೇಲೆ ಹನ್ನೊಂದು ಪದಗಳ ಸರಿಯಾದ ಉಚ್ಚಾರ ಬರೆದುಕೊಟ್ಟೆ. ಅವಳು ಅದನ್ನು ಮಡಿಸಿ ಪುಸ್ತಕದಲ್ಲಿಟ್ಟುಕೊಂಡಳು. ಸಂಜೆ ಬಂದಾಗ ಹೇಗಾಯಿತು ಎಂದು ಕೈಸನ್ನೆಯಲ್ಲಿ ಕೇಳಿದೆ. ಆಯಿತು ಎಂದಳು, ಅಷ್ಟೇ. ಆದರೆ ಮರುದಿನದಿಂದ ಫೋನಿನಲ್ಲಿ ಗುಂಪಿನ ಸಂದೇಶಗಳು ಬರತೊಡಗಿದವು. ಶಾಂತಕ್ಕ ಎಷ್ಟು ಚೆಂದ ಓದಿದರು, ಮನೆಯಲ್ಲಿ ಅವ್ವ ಓದಿದ ಹಾಗಿತ್ತು, ಎಲ್ಲರೂ ಮಾತಾಡಿದೆವು, ಮನಸ್ಸು ಹಗುರಾಯಿತು. ಮುಂದಿನ ವಾರ ಇನ್ನೂ ಆರು ಜನ ಹೆಚ್ಚಿಗೆ ಬಂದರು. ಕುರ್ಚಿ ಸಾಲದೆ ಕೆಳಗಿನಿಂದ ತಂದರಂತೆ. ನನ್ನ ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಕುರ್ಚಿ ಕಡಿಮೆ ಬಿದ್ದಿರಲಿಲ್ಲ.

ಗಂಟಲು ಆಗ ಬೆಂದ ಹಾಗಾಗಿತ್ತು. ಉಗುಳು ನುಂಗಿದರೆ ಗಾಜಿನ ಚೂರು ನುಂಗಿದ ಹಾಗೆ. ಶಾಂತಾ ಬೆಳಿಗ್ಗೆ ಐದಕ್ಕೆ ಎದ್ದು ಅನ್ನವನ್ನು ನೀರಿನ ಹಾಗೆ ಬೇಯಿಸಿ, ಸೋಸಿ, ಆರಿಸಿ, ಚಮಚದಲ್ಲಿ ಕುಡಿಸಿ, ಆಮೇಲೆ ಶಾಲೆಗೆ ಹೋಗುತ್ತಿದ್ದಳು. ಮಧ್ಯಾಹ್ನ ಅಲ್ಲಿಂದ ಆಸ್ಪತ್ರೆಗೆ ಬಂದು ನನ್ನ ಜೊತೆ ಕಾಯುತ್ತಿದ್ದಳು. ಅಂಥವಳ ಮೇಲೆ ನನಗೆ ಹೊಟ್ಟೆಕಿಚ್ಚು. ಕಾಯುವ ಕೋಣೆಯಲ್ಲಿ ಅವಳು ಮುಂದಿನ ಶನಿವಾರದ ಅಧ್ಯಾಯವನ್ನು ಬೆರಳಿಟ್ಟು ಓದಿಕೊಳ್ಳುವಾಗ ನಾನು ಬೇಕೆಂದೇ ಕಣ್ಣುಮುಚ್ಚಿ ಕೂರುತ್ತಿದ್ದೆ. ದನಿ ಹೋದರೆ ಹೋಗಲಿ, ದೇವರೂ ಇವಳ ಕಡೆಗೇ ಹೋದನೇ ಎಂದು ಅನಿಸುತ್ತಿತ್ತು. ಇವಳಿಗೆ ಇಷ್ಟು ಭಕ್ತಿ ಯಾವಾಗ ಬಂತು? ನನ್ನ ಮುಂದೆ ಒಂದು ದಿನವೂ ತೋರಿಸಲಿಲ್ಲವಲ್ಲ.

ನಾಲ್ಕನೇ ವಾರದ ಶನಿವಾರ ಆನೆಯ ಕಥೆ ಓದುವುದಿತ್ತು. ಶಾಂತಾ ಹನ್ನೆರಡು ಗಂಟೆಗೆ ಮನೆ ಬಿಟ್ಟಳು, ಹೋಗುವಾಗ ಮಾರ್ಕೆಟ್ಟಿನಲ್ಲಿ ಬಾಳೆಹಣ್ಣು ತಗೊಂಡು ಹೋಗಬೇಕೆಂದು. ಬಾಗಿಲು ಮುಚ್ಚಿದ ಸದ್ದಾದ ಮೇಲೆ ನಾನು ಫೋನ್ ತೆಗೆದು ಗುಂಪಿಗೆ ಬರೆದೆ: ಶಾಂತಾಳಿಗೆ ಜ್ವರ, ಇವತ್ತು ಪುರಾಣ ಇಲ್ಲ, ದಯವಿಟ್ಟು ಯಾರೂ ಬರಬೇಡಿರಿ. ಅವಳು ಹೊರಗೆ ಹೋದಾಗ ಫೋನ್ ನೋಡುವುದೇ ಇಲ್ಲ, ಚೀಲದ ತಳದಲ್ಲಿ ಇಟ್ಟಿರುತ್ತಾಳೆ. ಒಂದಾದ ಮೇಲೊಂದು ಉತ್ತರಗಳು ಬಂದವು, ಬೇಗ ಗುಣವಾಗಲಿ ಎಂದು. ನಾನು ಕಿಟಕಿಯ ಹತ್ತಿರ ಕೂತು, ಅವಳು ಖಾಲಿ ಕೋಣೆಯಲ್ಲಿ ಪುಸ್ತಕ ಹಿಡಿದು ಕೂತಿರುವುದನ್ನು ಕಲ್ಪಿಸಿಕೊಂಡೆ. ಸ್ವಲ್ಪ ಹೊತ್ತು, ನಿಜ ಹೇಳಬೇಕೆಂದರೆ, ಹಿತವಾಯಿತು.

ಅವಳು ಎಂದಿನ ಸಮಯಕ್ಕೇ ಬಂದಳು. ಬಾಳೆಹಣ್ಣನ್ನು ಮೇಜಿನ ಮೇಲಿಟ್ಟಳು. ಏನೂ ಹೇಳಲಿಲ್ಲ. ನನಗೆ ಗಂಜಿ ಬಿಸಿಮಾಡಿ ಕೊಟ್ಟಳು. ಭಾನುವಾರ, ಸೋಮವಾರ, ಮಂಗಳವಾರ ಹಾಗೇ ಹೋಯಿತು. ಆಸ್ಪತ್ರೆಗೂ ಬಂದಳು, ಪಕ್ಕದಲ್ಲೇ ಕೂತಳು, ಪುಸ್ತಕ ಮಾತ್ರ ತರಲಿಲ್ಲ. ಅವಳ ಆ ಮೌನದಲ್ಲಿ ಕೋಪವಿದೆಯೋ ಇಲ್ಲವೋ ತಿಳಿಯದೆ ನಾನು ಬೆಂದುಹೋದೆ.

ಬುಧವಾರ ಮಧ್ಯಾಹ್ನ ಚಿಕಿತ್ಸೆ ಮುಗಿಸಿ ಬಂದು ಅಡುಗೆಮನೆಯಲ್ಲಿ ಕೂತಿದ್ದೆವು. ಅವಳು ನನ್ನ ಮುಂದೆ ಹಾಲಿನ ಲೋಟ ಇಟ್ಟು, ಎದುರಿನ ಕುರ್ಚಿ ಎಳೆದುಕೊಂಡಳು.

"ಗಂಗಾಬಾಯಿ ಒಬ್ಬರೇ ಬಂದಿದ್ದರು" ಎಂದಳು. "ಅವರಿಗೆ ಮೆಸೇಜು ಓದಲಿಕ್ಕೆ ಬರೂದಿಲ್ಲ. ಉಳದವರು ಯಾಕ ಬರಲಿಲ್ಲಂತ ಫೋನ್ ತಗದು ನೋಡಿದೆ. ನನಗ ಜ್ವರ ಬಂದದ ಅಂತ ಅಲ್ಲೇ ನನಗ ಗೊತ್ತಾತು."

ಮಾತಿನ ಬದಲು ಬರೆದು ತೋರಿಸಲು ಇಟ್ಟುಕೊಂಡಿದ್ದ ನೋಟುಬುಕ್ಕನ್ನು ನಾನು ಎಳೆದುಕೊಂಡೆ.

"ಅವರಿಗೊಬ್ಬರಿಗೇ ಓದಿದೆ. ಪೂರ್ತಿ ಓದಿದೆ." ಆಮೇಲೆ ಕೇಳಿದಳು: "ಒಂದು ಮಾತು ಕೇಳತೀನಿ, ಸಿಟ್ಟಾಗಬ್ಯಾಡ್ರಿ. ಇಷ್ಟು ವರ್ಷ ನಿಮಗ ದೇವರು ಬೇಕಾಗಿದ್ದನೋ, ಕೇಳೋ ಮಂದಿ ಬೇಕಾಗಿದ್ದರೋ?"

ನಾನು ಪೆನ್ನು ಹಿಡಿದು "ಗೊತ್ತಿಲ್ಲ" ಎಂದು ಬರೆದೆ. ಅವಳು ಅದನ್ನು ತನ್ನ ಕಡೆ ತಿರುಗಿಸಿ ಓದಿದಳು. ಅದರ ಕೆಳಗೆ ನಾನು, ನಿನಗೆ ಭಕ್ತಿಯಿದೆ, ನನಗಿಲ್ಲ, ಅದನ್ನು ಸಹಿಸಲು ಆಗಲಿಲ್ಲ ಎಂದು ಬರೆದೆ.

ಅವಳಿಗೆ ನಗು ಬಂತು. ಆಮೇಲೆ ಕಣ್ಣಲ್ಲಿ ನೀರೂ ಬಂತು. "ನನಗ ಭಕ್ತಿ ಅದ ಅಂತ ನಿಮಗ ಯಾರು ಹೇಳಿದರು? ಅಲ್ಲಿ ಆಸ್ಪತ್ರ್ಯಾಗ ನಿಮ್ಮನ್ನ ಒಳಗ ಕರಕೊಂಡು ಹೋದ ಮ್ಯಾಲೆ ನನಗ ಕೈ ಎಲ್ಲಿಡಬೇಕು ತಿಳಿಯೂದಿಲ್ಲ. ಪುಸ್ತಕದ ಮ್ಯಾಲೆ ಇಡತೀನಿ, ಅಷ್ಟ. ಆಂವ ಕೇಳತಾನೋ ಇಲ್ಲೋ, ದೇವರಾಣೆ, ನನಗೂ ಗೊತ್ತಿಲ್ಲ."

ಗೊತ್ತಿಲ್ಲ ಅನ್ನುವುದಕ್ಕೂ ದೇವರ ಆಣೆ ಹಾಕಿದ್ದು ಅವಳಿಗೆ ತಿಳಿಯಲಿಲ್ಲ. ನನಗೆ ನಗಬೇಕೆನಿಸಿತು, ಗಂಟಲು ಬಿಡಲಿಲ್ಲ. ಅವಳು ಹಾಲಿನ ಲೋಟವನ್ನು ಮತ್ತೆ ನನ್ನ ಕೈಗೆ ಕೊಟ್ಟಳು. ಅವಳು ನನ್ನನ್ನು ಕ್ಷಮಿಸಿದಳೋ ಇಲ್ಲವೋ ಆ ದಿನ ಹೇಳಲಿಲ್ಲ. ಗುಂಪಿಗೆ ನಿಜ ಹೇಳುವುದು ನನ್ನ ಕೆಲಸ, ತನ್ನದಲ್ಲ ಎಂದು ಮಾತ್ರ ಹೇಳಿದಳು. ಮುಂದಿನ ಶನಿವಾರ ಜ್ವರ ಹೇಗಿದೆ ಎಂದು ಕೇಳಿದವರಿಗೆ, ಈಗ ಆರಾಮ ಇದ್ದೇನೆ ಎಂದಷ್ಟೇ ಹೇಳಿ ಬಂದಳು.

ಕೊನೆಯ ಎರಡು ವಾರ ಅತಿ ಕೆಟ್ಟವು. ಕತ್ತಿನ ಚರ್ಮ ಸುಟ್ಟು ಕಪ್ಪಾಯಿತು. ರುಚಿ ಎಂಬುದು ಇಲ್ಲವಾಯಿತು. ಅಂಥ ಒಂದು ದಿನ ಯಂತ್ರ ಕೆಟ್ಟು ಎರಡು ತಾಸು ಕಾಯಬೇಕಾಗಿ ಬಂತು. ಡೆಸ್ಮಂಡ್ ಪಕ್ಕಕ್ಕೆ ಬಂದು ಕೂತರು. ಅವರ ದನಿಯೂ ಆಗ ಪಿಸುಮಾತಿನಷ್ಟೇ ಉಳಿದಿತ್ತು. ಮುಖವಾಡದೊಳಗೆ ನೀನು ಏನು ಹೇಳಿಕೊಳ್ಳುತ್ತೀ ಎಂದು ಕೇಳಿದರು. ಏನೂ ಬರುವುದಿಲ್ಲ ಎಂದು ಬರೆದು ತೋರಿಸಿದೆ, ನಿಮಗೆ ಪ್ರಾರ್ಥನೆ ಬರುತ್ತದಲ್ಲ, ನೀವು ಪುಣ್ಯವಂತರು ಎಂದೂ ಬರೆದೆ. ಅದನ್ನು ಬರೆಯುವಾಗ ನನ್ನ ಅಕ್ಷರದಲ್ಲೂ ಅಸೂಯೆ ಇದ್ದಿರಬೇಕು.

ಡೆಸ್ಮಂಡ್ ತಲೆಯಲ್ಲಾಡಿಸಿದರು. ಒಳಗೆ ತಮಗೂ ಪ್ರಾರ್ಥನೆ ಬರುವುದಿಲ್ಲವಂತೆ. ಮೊದಲ ದಿನ ಪ್ರಯತ್ನ ಮಾಡಿ ಉಸಿರು ಸಿಕ್ಕಿಕೊಂಡ ಹಾಗಾಯಿತಂತೆ. ಅದಕ್ಕೇ ತಾವು ಓಡಿಸುತ್ತಿದ್ದ ಬಸ್ಸಿನ ಸ್ಟಾಪುಗಳನ್ನು ಒಂದೊಂದಾಗಿ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾರೆ. ಪ್ರತಿ ಸ್ಟಾಪಿನಲ್ಲಿ ಯಾರು ಹತ್ತುತ್ತಿದ್ದರು ಎಂದು ನೆನಪು ಮಾಡಿಕೊಳ್ಳುತ್ತಾರೆ. ಸಾಮಾನ್ಯವಾಗಿ ಒಂಬತ್ತನೇ ಸ್ಟಾಪಿಗೆ ಯಂತ್ರ ನಿಲ್ಲುತ್ತದೆ. ದೇವರ ಜೊತೆ ಮಾತು ಹೊರಗೆ, ಇಲ್ಲಿ, ಈ ಕುರ್ಚಿಯಲ್ಲಿ ಎಂದರು. ದೇವರಿಗೆ ಬೇಸರವಾಗುವುದಿಲ್ಲವೇ ಎಂದು ಬರೆದೆ. "ಹಿ ನೋಸ್ ದ ರೂಟ್", ಆ ದಾರಿ ಅವನಿಗೆ ಗೊತ್ತು, ಎಂದು ಪಿಸುಗುಟ್ಟಿದರು.

ಮರುದಿನ ಮುಖವಾಡದೊಳಗೆ ನಾನು ನಮ್ಮ ಶನಿವಾರದ ಕೋಣೆಯ ಕುರ್ಚಿಗಳನ್ನು ನೆನಪು ಮಾಡಿಕೊಂಡೆ. ಯಾರು ಎಲ್ಲಿ ಕೂರುತ್ತಾರೆ, ಯಾರ ಮೊಣಕಾಲು ನೋಯುತ್ತದೆ, ಯಾರಿಗೆ ಸಕ್ಕರೆ ಇಲ್ಲದ ಚಹಾ. ಬಹಳ ಜನರ ಬಗ್ಗೆ ನನಗೆ ಏನೂ ತಿಳಿದಿರಲಿಲ್ಲ. ನನ್ನ ಕಣ್ಣು ಪುಸ್ತಕದ ಮೇಲಿರುತ್ತಿತ್ತಲ್ಲ.

ಚಿಕಿತ್ಸೆ ಮುಗಿದು ಎರಡು ತಿಂಗಳ ಮೇಲೆ, ಹಾಲಿನಲ್ಲಿ ಏಲಕ್ಕಿ ಇದೆ ಎಂದು ನಾಲಿಗೆಗೆ ಗೊತ್ತಾದ ವಾರ, ನಾನು ಮೊದಲ ಸಲ ಶನಿವಾರದ ಗುಂಪಿಗೆ ಹೋದೆ. ಬಾಗಿಲ ಹತ್ತಿರ, ಶಾಂತಾ ಕೂರುತ್ತಿದ್ದ ಜಾಗದಲ್ಲಿ ಕೂತೆ. ಅವಳು ಮುಂದೆ, ಕನ್ನಡಕ ಮೂಗಿನ ಮೇಲೆ ಇಳಿಸಿಕೊಂಡು, ಬೆರಳಿಟ್ಟು ಓದಿದಳು. ಎರಡು ಕಡೆ ಪದವನ್ನು ತಪ್ಪಾಗಿ ಒಡೆದಳು; ನನ್ನ ಬಾಯಿ ತಾನಾಗಿ ಅಲ್ಲಾಡಿತು. ಅಂದು ಗಂಗಾಬಾಯಿಯವರ ಮನವಿಯ ಮೇಲೆ ಆನೆಯ ಕಥೆಯನ್ನೇ ಮತ್ತೆ ಓದಿದಳು. ಆ ಕೂಗಿನ ಪದ್ಯವನ್ನು ಅವಳು ತರಕಾರಿಯ ಪಟ್ಟಿ ಓದಿದಷ್ಟು ಸಪ್ಪಗೆ ಓದಿ, ಪುಸ್ತಕವನ್ನು ತೊಡೆಯ ಮೇಲಿಟ್ಟು, "ಸಾವಿರ ವರ್ಷ ಯಾಕ ಬಿಟ್ಟನೋ, ನನಗ ತಿಳೀಲಿಲ್ಲ" ಎಂದಳು.

ಅಷ್ಟೇ. ಅರ್ಥ ಹೇಳಲಿಲ್ಲ. ಆಮೇಲೆ ಗಂಗಾಬಾಯಿ ಮಾತಾಡಿದರು. "ನನಗೂ ತಿಳಿದಿಲ್ಲ ಯವ್ವಾ. ಇಷ್ಟು ವರ್ಷ ತಿಳಿದಂಗ ಗೋಣು ಹಾಕಿದೆ. ನನ್ನ ಮಗಳಿಗೆ ಏನು ಅಹಂಕಾರ ಇತ್ತು?"

ಅವರು ನನ್ನ ಕಡೆ ನೋಡಿ ಹೇಳಲಿಲ್ಲ. ಅವರಿಗೆ ನಾನು ಹಿಂದೆ ಕೂತಿರುವುದು ಮರೆತೇ ಹೋಗಿತ್ತೋ ಏನೋ. ಅವರು ಮಗಳ ಕೊನೆಯ ದಿನಗಳನ್ನು ಹೇಳಿದರು. ಇನ್ನೊಬ್ಬರು ಕೆಲಸ ಕಳೆದುಕೊಂಡು ವೀಸಾ ಮುಗಿಯುವ ತಾರೀಖು ಎಣಿಸಿದ ವರ್ಷದ ಬಗ್ಗೆ ಹೇಳಿದರು. ಯಾರೂ ದೇವರನ್ನು ಬೈಯಲಿಲ್ಲ, ಯಾರೂ ಸಮರ್ಥಿಸಲೂ ಇಲ್ಲ. ಪುರಾಣದ ಆನೆ ನಡುವೆ ನೀರಿನಲ್ಲಿ ನಿಂತೇ ಇತ್ತು. ನನ್ನ ಹೊಟ್ಟೆಕಿಚ್ಚು ಆ ಗಳಿಗೆಯಲ್ಲಿ ಉರಿದಷ್ಟು ಎಂದೂ ಉರಿದಿರಲಿಲ್ಲ. ರಾಗ ಬಾರದವಳು, ಅರ್ಥ ಗೊತ್ತಿಲ್ಲದವಳು ಒಂದು ಮಾತಿನಿಂದ ಮಾಡಿದ್ದನ್ನು ನಾನು ಹದಿನೆಂಟು ವರ್ಷದಲ್ಲಿ ಮಾಡಲಿಲ್ಲ. ಗಂಗಾಬಾಯಿಯವರಿಗೆ ಅಂದು ನಾನು ಕೊಟ್ಟ ಉತ್ತರ ನೆನಪಾಗಿ ಮುಖ ಬಿಸಿಯಾಯಿತು.

ಚಹಾಕ್ಕೆ ಏಳುವ ಮೊದಲು ನಾನು ಎದ್ದು ನಿಂತೆ. ದನಿ ಹರಿದ ಬಟ್ಟೆಯ ಹಾಗಿತ್ತು. ನಾಲ್ಕು ಮಾತಿಗೊಮ್ಮೆ ನೀರು ಕುಡಿಯಬೇಕಿತ್ತು. ಆ ಶನಿವಾರ ಶಾಂತಾಳಿಗೆ ಜ್ವರ ಬಂದಿರಲಿಲ್ಲ, ಮತ್ಸರದಿಂದ ನಾನೇ ಸುಳ್ಳು ಬರೆದು ಕಳಿಸಿದೆ ಎಂದೆ. ಗಂಗಾಬಾಯಿಯವರಿಗೆ ಕೈಮುಗಿದು, ನಿಮಗೆ ಅಂದು ಹೇಳಿದ ಉತ್ತರ ನನಗೆ ಗೊತ್ತಿದ್ದು ಹೇಳಿದ್ದಲ್ಲ, ಉತ್ತರ ಇಲ್ಲ ಅನ್ನಲಿಕ್ಕೆ ನಾಚಿಕೆಯಾಗಿ ಹೇಳಿದ್ದು ಎಂದೆ. ಕೆಲವರು ಕೆಳಗೆ ನೋಡಿದರು. ಒಬ್ಬರಿಗೆ ಸಿಟ್ಟು ಬಂದದ್ದು ಕಾಣಿಸಿತು. ಅವರು ಚಹಾ ಕುಡಿಯದೆ ಹೋದರು. ಗಂಗಾಬಾಯಿ ಮಾತ್ರ, ಕೂಡಪ್ಪಾ, ಗಂಟಲು ನೋವಾದೀತು ಎಂದರು. ಅವರ ಕರುಣೆ ನನಗೆ ಬೈಗುಳಕ್ಕಿಂತ ಹೆಚ್ಚಾಗಿ ತಾಗಿತು. ಮನೆಗೆ ಬರುವಾಗ ಬಸ್ಸಿನಲ್ಲಿ ಶಾಂತಾ ನನ್ನ ಕೈ ಹಿಡಿದುಕೊಂಡಳು, ಇಳಿಯುವವರೆಗೆ ಬಿಡಲಿಲ್ಲ.

ಅದಾಗಿ ಒಂದು ವರ್ಷದ ಮೇಲಾಯಿತು. ಶನಿವಾರದ ಪುರಾಣ ಈಗಲೂ ಶಾಂತಾ ಓದುತ್ತಾಳೆ. ನನಗೆ ಓದಲು ಕೇಳಿದ್ದರು, ದನಿ ಸಾಲದು ಎಂದೆ. ಅದು ಅರ್ಧ ನಿಜ. ಚಹಾ ನಾನು ಮಾಡುತ್ತೇನೆ. ಡೆಸ್ಮಂಡ್ ಕ್ರಿಸ್‌ಮಸ್ಸಿಗೆ ಕಾರ್ಡು ಕಳಿಸಿದ್ದರು, ಅದರಲ್ಲಿ ಆರೋಗ್ಯದ ವಿಷಯ ಏನೂ ಇರಲಿಲ್ಲ. ಕೇಳಲು ನನಗೆ ಧೈರ್ಯವಾಗಿಲ್ಲ. ಬೆಳಿಗ್ಗೆ ದೀಪ ಹಚ್ಚುವಾಗ ಇನ್ನೂ ಎರಡೂ ಕಡೆ ತೂಗುತ್ತೇನೆ. ಇದ್ದಾನೆ ಎಂದು ಯಾರಾದರೂ ಖಚಿತವಾಗಿ ಹೇಳುವುದನ್ನು ಕೇಳಿದರೆ ಈಗಲೂ ಮನಸ್ಸಿನಲ್ಲಿ ಒಂದು ಚೂರು ಚುಚ್ಚುತ್ತದೆ. ಇಲ್ಲವೇ ಇಲ್ಲ ಎಂದು ಖಚಿತವಾಗಿ ಹೇಳುವವರನ್ನು ಕಂಡರೂ ಅಷ್ಟೇ. ಎರಡೂ ಬಗೆಯವರು ನೆಮ್ಮದಿಯಿಂದ ಮಲಗುತ್ತಾರೆ ಎಂದು ನನ್ನ ಊಹೆ.

ಹೋದ ತಿಂಗಳ ತಪಾಸಣೆಯಲ್ಲಿ ಡಾಕ್ಟರು ಕ್ಯಾಮೆರಾ ಹೊರಗೆಳೆದು, ಇವತ್ತು ಏನೂ ಕಾಣಿಸುತ್ತಿಲ್ಲ ಎಂದರು. ಮುಂದೆ ಎಂದೂ ಬರುವುದಿಲ್ಲ ಎಂದು ಹೇಳಿಸಿಕೊಳ್ಳುವ ಆಸೆಯಿಂದ ಅವರ ಮುಖ ನೋಡಿದೆ. ಇವತ್ತಿನದನ್ನು ಮಾತ್ರ ಹೇಳಬಲ್ಲೆ ಎಂದು ನಕ್ಕರು. ಹೊರಗೆ ಬಂದಾಗ ನರ್ಸ್ ನನ್ನನ್ನು ತಡೆದು, ಒಂದು ಸಹಾಯ ಮಾಡುತ್ತೀರಾ ಎಂದು ಕೇಳಿದರು. ಒಳಗೆ ಒಬ್ಬರು ಮುಖವಾಡ ಮಾಡಿಸಿಕೊಳ್ಳಲು ಬಂದು, ಆಗುವುದಿಲ್ಲ ಎಂದು ಕೂತುಬಿಟ್ಟಿದ್ದಾರೆ, ಅದನ್ನು ಹಾಕಿಕೊಂಡವರು ಯಾರಾದರೂ ಮಾತಾಡಿದರೆ ಒಳ್ಳೆಯದು ಎಂದರು.

ಮೂಲೆಯ ಕುರ್ಚಿಯಲ್ಲಿ ನಲವತ್ತರ ಆಸುಪಾಸಿನ ಮನುಷ್ಯ. ಶಾಲೆಯಲ್ಲಿ ಗಣಿತ ಕಲಿಸುತ್ತಾನಂತೆ. ನಾಲಿಗೆಯ ಬುಡದಲ್ಲಿ ಗಡ್ಡೆ. ಕೈಯಲ್ಲಿ ಜಪಮಾಲೆ ಇತ್ತು, ಎಣಿಸುತ್ತಿರಲಿಲ್ಲ, ಸುಮ್ಮನೆ ಹಿಂಡುತ್ತಿದ್ದ. ಇಂಗ್ಲಿಷಿನಲ್ಲಿ ಕೇಳಿದ: ನೀವು ದೇವರನ್ನು ನಂಬುತ್ತೀರಾ, ಪ್ರಾರ್ಥನೆ ಮಾಡಿದರೆ ಸಹಾಯವಾಯಿತೇ? ಅವನ ದನಿ ಗಟ್ಟಿಯಾಗಿ, ತುಂಬಿಕೊಂಡು, ಕೋಣೆಯ ಆ ಕಡೆಯವರೆಗೂ ಮುಟ್ಟುವ ಹಾಗಿತ್ತು. ನನಗೆ ಎಂದೂ ಇನ್ನು ಸಿಗದ ದನಿ. ಎಂದಿನಂತೆ ಹೊಟ್ಟೆ ಉರಿಯಿತು.

ನನಗೆ ಗೊತ್ತಿಲ್ಲ ಎಂದೆ.

ಅವನ ಮುಖ ಬಾಡಿತು. ಆಮೇಲೆ, ನೀವು ಈಗಲೇ ಹೋಗಬೇಕೇ ಎಂದು ಕೇಳಿದ. ಇಲ್ಲ ಎಂದು ಪಕ್ಕದ ಕುರ್ಚಿಯಲ್ಲಿ ಕೂತೆ. ಅವನು ತನ್ನ ಕ್ಲಾಸಿನ ಮಕ್ಕಳ ಬಗ್ಗೆ, ಹೆಂಡತಿಯ ಬಗ್ಗೆ, ಹೆದರಿಕೆಯ ಬಗ್ಗೆ ಆ ಒಳ್ಳೆಯ ದನಿಯಲ್ಲಿ ಮಾತಾಡುತ್ತ ಹೋದ. ಒಳಗಿನಿಂದ ಅವನ ಹೆಸರು ಕರೆಯುವವರೆಗೆ ಕೇಳುತ್ತ ಕೂತಿದ್ದೆ.